ಕದ್ದ ಚಿತ್ರ, ನಕಲಾದ ದನಿ, ಸೋರಿದ ಮಾಹಿತಿ: ತಂತ್ರಜ್ಞಾನದ ವ್ಯಾಜ್ಯಗಳಿಗೆ ಸಮಗ್ರ ಮಾರ್ಗದರ್ಶಿ

ನಿಮ್ಮ ಲೇಖನ ಬೇರೊಬ್ಬರ ಹೆಸರು ಹೊತ್ತು ಜಾಲತಾಣವೊಂದರಲ್ಲಿ ಕಾಣಿಸಿಕೊಂಡಿದೆ. ಅಥವಾ ನೀವು ಎಂದೂ ಆಡದ ಮಾತನ್ನು ನಿಮ್ಮದೇ ದನಿಯಲ್ಲಿ ಆಡಿಸಿದ ವಿಡಿಯೊ ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತಿದೆ. ಇಂಥ ಹೊತ್ತಿನಲ್ಲಿ ಕೈ ಮೊದಲು ಹೋಗುವುದು ಕಮೆಂಟ್ ಪೆಟ್ಟಿಗೆಗೆ. ನಾಲ್ಕು ಸಾಲು ಬೈದರೆ ಮನಸ್ಸು ಹಗುರಾಗುತ್ತದೆ, ನಿಜ. ಆದರೆ ಬೈಗುಳ ಓದಿದವನು ಪುಟವನ್ನೇ ಅಳಿಸಿಹಾಕುತ್ತಾನೆ, ಅದರ ಜೊತೆಗೆ ನಿಮ್ಮ ಸಾಕ್ಷ್ಯವೂ ಹೋಗುತ್ತದೆ.

ಈ ಬಗೆಯ ವ್ಯಾಜ್ಯದಲ್ಲಿ ಸಿಟ್ಟಿಗಿಂತ ಸರದಿ ಮುಖ್ಯ. ಪೆಟ್ಟು ಬಿದ್ದಿರುವುದು ಯಾವ ಹಕ್ಕಿಗೆ, ಆ ಹಕ್ಕು ಯಾರದು, ಅದಕ್ಕೆ ಆಧಾರವೇನು ಎಂಬುದನ್ನು ಗಟ್ಟಿ ಮಾಡಿಕೊಂಡ ಮೇಲೆಯೇ ಎದುರಿನವರೊಂದಿಗೆ ಮಾತು. ಕೆಳಗಿನ ಹೆಜ್ಜೆಗಳು ಅದೇ ಸರದಿಯಲ್ಲಿವೆ. ಇಲ್ಲಿ ಹೇಳಿರುವುದು ಭಾರತದ ಕಾನೂನು. ಅಮೆರಿಕದ ಕಾನೂನು ಒಂದೆರಡು ಕಡೆ ಇಣುಕುತ್ತದೆ, ಏಕೆಂದರೆ ನಾವು ಬಳಸುವ ದೊಡ್ಡ ವೇದಿಕೆಗಳು ಅಲ್ಲಿಯವು.

ಹೆಜ್ಜೆ 1: ಪೆಟ್ಟು ಬಿದ್ದಿರುವುದು ಯಾವ ಹಕ್ಕಿಗೆ?

"ನನ್ನ ಫೋಟೊ ಕದ್ದಿದ್ದಾರೆ" ಎಂಬ ಒಂದೇ ಮಾತಿನಲ್ಲಿ ಎರಡು ಬೇರೆ ಬೇರೆ ದೂರುಗಳು ಅಡಗಿರಬಹುದು. ಫೋಟೊ ತೆಗೆದವರು ನೀವಾದರೆ ಅದು ಹಕ್ಕುಸ್ವಾಮ್ಯದ ಪ್ರಶ್ನೆ. ಫೋಟೊದಲ್ಲಿ ಇರುವವರು ನೀವಾದರೆ ಅದು ಖಾಸಗಿತನದ ಅಥವಾ ವ್ಯಕ್ತಿತ್ವದ ಹಕ್ಕಿನ ಪ್ರಶ್ನೆ. ಸೆಲ್ಫಿಯಲ್ಲಿ ಮಾತ್ರ ಎರಡೂ ಒಬ್ಬರದೇ. ಗೆಳೆಯ ತೆಗೆದ ಚಿತ್ರಕ್ಕೆ ನೀವು ಹಕ್ಕುಸ್ವಾಮ್ಯದ ಅರ್ಜಿ ಹಾಕಿದರೆ ವೇದಿಕೆಯವರು ಅದನ್ನು ಹಿಂದಿರುಗಿಸಿದರೂ ತಪ್ಪು ಅವರದಲ್ಲ.

ಬರಹ, ಚಿತ್ರ, ಸಂಗೀತ, ಸಿನಿಮಾ, ಸಾಫ್ಟ್‌ವೇರ್ ಕೋಡ್ ಇವೆಲ್ಲ 1957ರ ಹಕ್ಕುಸ್ವಾಮ್ಯ ಕಾಯ್ದೆಯ ಅಡಿ ಬರುತ್ತವೆ. ಆದರೆ ಕಾಯ್ದೆ ಕಾಯುವುದು ಅಭಿವ್ಯಕ್ತಿಯನ್ನು, ಹೊಳಹನ್ನಲ್ಲ. ಆರ್.ಜಿ. ಆನಂದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1978ರಲ್ಲೇ ಇದನ್ನು ಬಿಡಿಸಿ ಹೇಳಿದೆ. ಹಾಗಾಗಿ "ನನ್ನ ಆ್ಯಪ್‌ನ ಐಡಿಯಾ ಕದ್ದರು" ಎಂಬ ದೂರು, ಕೋಡ್ ಅಥವಾ ವಿನ್ಯಾಸ ನಕಲಾಗಿರದಿದ್ದರೆ, ಈ ಕಾಯ್ದೆಯಡಿ ನಿಲ್ಲುವುದಿಲ್ಲ. ಐಡಿಯಾವನ್ನು ಕಾಯುವುದು ನೀವು ಮೊದಲೇ ಮಾಡಿಕೊಂಡಿರಬೇಕಾದ ಗೋಪ್ಯತಾ ಒಪ್ಪಂದ. ಹೆಸರು ಮತ್ತು ಲೋಗೊಗೆ 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆ ಇದೆ. ಪೇಟೆಂಟ್ ಕಾಯ್ದೆಯ ಸೆಕ್ಷನ್ 3(ಕೆ) ಬರಿಯ ಕಂಪ್ಯೂಟರ್ ಪ್ರೋಗ್ರಾಂ, ಗಣಿತ ವಿಧಾನ, ವ್ಯವಹಾರ ವಿಧಾನ ಮತ್ತು ಆಲ್ಗಾರಿದಂಗಳನ್ನು ಹೊರಗಿಟ್ಟಿದೆ. "ನಮ್ಮ ಆ್ಯಪ್‌ಗೆ ಪೇಟೆಂಟ್ ಇದೆ" ಎಂದು ಯಾರಾದರೂ ಹೆದರಿಸಿದರೆ ಸಂಖ್ಯೆ ಕೇಳಿ.

ಮುಖ ಮತ್ತು ದನಿಯ ವಿಷಯ ಸೂಕ್ಷ್ಮ. ಇವಕ್ಕೆಂದೇ ನಮ್ಮಲ್ಲಿ ಪ್ರತ್ಯೇಕ ಕಾಯ್ದೆ ಇಲ್ಲ. ಹಕ್ಕು ಬೆಳೆದಿರುವುದು ತೀರ್ಪುಗಳಿಂದ. ನಟ ಅನಿಲ್ ಕಪೂರ್ ಅವರ ಹೆಸರು, ಚಿತ್ರ, ದನಿಯ ದುರ್ಬಳಕೆಗೆ 2023ರಲ್ಲಿ ದೆಹಲಿ ಹೈಕೋರ್ಟ್ ತಡೆ ನೀಡಿತು. ಕೃತಕ ಬುದ್ಧಿಮತ್ತೆಯಿಂದ ಗಾಯಕ ಅರಿಜಿತ್ ಸಿಂಗ್ ಅವರ ದನಿಯನ್ನು ನಕಲು ಮಾಡುವುದಕ್ಕೆ 2024ರಲ್ಲಿ ಬಾಂಬೆ ಹೈಕೋರ್ಟ್ ತಡೆ ಹಾಕಿತು. ಇವರಿಬ್ಬರೂ ಹೆಸರಾಂತರು, ಅವರ ದನಿಗೆ ಮಾರುಕಟ್ಟೆ ಬೆಲೆ ಇದೆ. ಸಾಮಾನ್ಯರ ದನಿ ನಕಲಾದಾಗ ವಂಚನೆ, ಸೋಗು, ಮಾನಹಾನಿಯ ದಾರಿ ಹಿಡಿಯುವುದೇ ಹೆಚ್ಚು ಫಲಕಾರಿ.

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ತೀರ್ಪಿತ್ತಿತು. ಅರ್ಜಿ ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ತೀರ್ಪು ದೊಡ್ಡದು, ಸಂದೇಹವಿಲ್ಲ. ಆದರೂ ಮೂಲಭೂತ ಹಕ್ಕು ಮುಖ್ಯವಾಗಿ ಸರ್ಕಾರದ ವಿರುದ್ಧದ ರಕ್ಷೆ. ಪಕ್ಕದ ಮನೆಯವರು ನಿಮ್ಮ ಬಾಗಿಲಿಗೆ ಕ್ಯಾಮೆರಾ ತಿರುಗಿಸಿಟ್ಟರೆ ಆ ತೀರ್ಪೊಂದನ್ನೇ ಹಿಡಿದು ಹೊರಟರೆ ಸಾಲದು, ಸಿವಿಲ್ ದಾವೆಯ ಮಾಮೂಲಿ ದಾರಿಯೂ ಬೇಕಾಗುತ್ತದೆ.

ಹೆಜ್ಜೆ 2: ಆ ಹಕ್ಕು ನಿಜಕ್ಕೂ ನಿಮ್ಮದೇ?

ಇಲ್ಲಿ ಎಡವುವವರು ಬಹಳ. ಮದುವೆಗೆ ಹಣ ಕೊಟ್ಟು ಛಾಯಾಗ್ರಾಹಕರನ್ನು ಕರೆಸಿದ್ದೀರಿ ಎಂದುಕೊಳ್ಳಿ. ಫೋಟೊಗಳ ಹಕ್ಕುಸ್ವಾಮ್ಯ ಯಾರದು? ಕ್ಯಾಮೆರಾ ಹಿಡಿದವರದು ಎಂದೇ ಹೆಚ್ಚಿನವರು ಹೇಳುತ್ತಾರೆ. ಹಕ್ಕುಸ್ವಾಮ್ಯ ಕಾಯ್ದೆಯ ಸೆಕ್ಷನ್ 17(ಬಿ) ಹೇಳುವುದು ಬೇರೆ: ಪ್ರತಿಫಲ ಕೊಟ್ಟು ತೆಗೆಸಿದ ಫೋಟೊ, ಬರೆಸಿದ ಭಾವಚಿತ್ರ, ಮಾಡಿಸಿದ ಚಲನಚಿತ್ರಗಳ ಮೊದಲ ಹಕ್ಕುದಾರರು ಅದನ್ನು ಮಾಡಿಸಿದವರು. ಇದಕ್ಕೆ ವ್ಯತಿರಿಕ್ತವಾದ ಒಪ್ಪಂದವಿದ್ದರೆ ಮಾತ್ರ ಮಾತು ಬೇರೆ. ಛಾಯಾಗ್ರಾಹಕರು ಕೊಡುವ ಬುಕಿಂಗ್ ರಸೀದಿಯ ಹಿಂಬದಿಯ ಸಣ್ಣ ಅಕ್ಷರಗಳಲ್ಲಿ ಆ ವ್ಯತಿರಿಕ್ತ ಒಪ್ಪಂದ ಇರುವುದುಂಟು. ಓದಿ.

ಸಾಫ್ಟ್‌ವೇರ್‌ನಲ್ಲಿ ಲೆಕ್ಕ ತಿರುಗುಮುರುಗು. ಕಾಯ್ದೆಯ ಕಣ್ಣಿಗೆ ಕೋಡ್ ಎಂಬುದು ಸಾಹಿತ್ಯ ಕೃತಿ, 17(ಬಿ) ಪಟ್ಟಿಯಲ್ಲಿ ಸಾಹಿತ್ಯ ಕೃತಿ ಇಲ್ಲ. ಸಂಬಳದ ನೌಕರ ಕೆಲಸದ ಭಾಗವಾಗಿ ಬರೆದ ಕೋಡ್ ಸೆಕ್ಷನ್ 17(ಸಿ) ಪ್ರಕಾರ ಕಂಪನಿಯದು. ಆದರೆ ಹೊರಗಿನ ಗುತ್ತಿಗೆದಾರ ಬರೆದದ್ದು, ಪೂರ್ತಿ ಹಣ ಪಾವತಿಯಾಗಿದ್ದರೂ, ಲಿಖಿತ ವರ್ಗಾವಣೆ ಇಲ್ಲದಿದ್ದರೆ ಗುತ್ತಿಗೆದಾರನದೇ. ಎಷ್ಟೋ ಸಣ್ಣ ಕಂಪನಿಗಳಿಗೆ ಇದು ಅರಿವಾಗುವುದು ಹೂಡಿಕೆದಾರರು ದಾಖಲೆ ಕೇಳಿದ ದಿನ.

ವರ್ಗಾವಣೆ ಪತ್ರದಲ್ಲಿ ನೋಡಬೇಕಾದುದು ಸೆಕ್ಷನ್ 19. ಅವಧಿ ಬರೆದಿರದಿದ್ದರೆ ವರ್ಗಾವಣೆ 5 ವರ್ಷಕ್ಕೆ ಮಾತ್ರ. ಪ್ರದೇಶ ಬರೆದಿರದಿದ್ದರೆ ಭಾರತಕ್ಕೆ ಮಾತ್ರ. ವರ್ಗಾವಣೆ ಪಡೆದವರು ಒಂದು ವರ್ಷದೊಳಗೆ ಹಕ್ಕನ್ನು ಬಳಸದಿದ್ದರೆ, ಪತ್ರದಲ್ಲಿ ಬೇರೆ ಮಾತಿಲ್ಲದಿದ್ದರೆ, ಅದು ಬಿದ್ದುಹೋಗುತ್ತದೆ. ಹಳೆಯ ಪ್ರಕಾಶಕರ ಜೊತೆ ಜಗಳವಿರುವ ಲೇಖಕರು ಈ ಸೆಕ್ಷನ್ನನ್ನು ಒಮ್ಮೆ ಓದಲೇಬೇಕು. ಹಕ್ಕು ಮಾರಿದ ಮೇಲೂ ಕೃತಿಗೆ ತನ್ನ ಹೆಸರು ಇರಬೇಕೆಂದು ಕೇಳುವ, ತನ್ನ ಕೀರ್ತಿಗೆ ಕುಂದು ತರುವಂತೆ ವಿರೂಪಗೊಳಿಸುವುದನ್ನು ತಡೆಯುವ ಅಧಿಕಾರ ಸೆಕ್ಷನ್ 57ರಡಿ ಕರ್ತೃವಿನ ಬಳಿಯೇ ಉಳಿಯುತ್ತದೆ.

ನೋಂದಣಿ ಕಡ್ಡಾಯವೇ? ಅಲ್ಲ. ಕೃತಿ ಹುಟ್ಟಿದಾಗಲೇ ಹಕ್ಕೂ ಹುಟ್ಟುತ್ತದೆ. ಆದರೆ ನೋಂದಣಿ ಪುಸ್ತಕದ ದಾಖಲೆ ನ್ಯಾಯಾಲಯದಲ್ಲಿ ಮೇಲ್ನೋಟದ ಸಾಕ್ಷ್ಯವಾಗುತ್ತದೆ. ಸಾಹಿತ್ಯ ಕೃತಿಗೆ 2013ರ ನಿಯಮಗಳ ಪ್ರಕಾರ ಶುಲ್ಕ 500 ರೂಪಾಯಿ. ಆಕ್ಷೇಪಣೆಗೆಂದು ಅರ್ಜಿಯನ್ನು 30 ದಿನ ಕಾಯಿಸುತ್ತಾರೆ. ಹಣ ತರುವ ಕೃತಿಗಳನ್ನಾದರೂ ನೋಂದಾಯಿಸಿಡುವುದು ಜಾಣತನ. ಹಸ್ತಪ್ರತಿಯನ್ನು ನಿಮಗೆ ನೀವೇ ರಿಜಿಸ್ಟರ್ಡ್ ಪೋಸ್ಟ್ ಮಾಡಿಕೊಳ್ಳುವ ಹಳೆಯ ಪದ್ಧತಿಗೆ ಕಾಯ್ದೆಯಲ್ಲಿ ಯಾವ ವಿಶೇಷ ಸ್ಥಾನವೂ ಇಲ್ಲ.

ಹೆಜ್ಜೆ 3: ಸಾಕ್ಷ್ಯ ಕಟ್ಟಿಕೊಳ್ಳಿ

ಇಡೀ ವ್ಯಾಜ್ಯದ ಬೆನ್ನೆಲುಬು ಇದು, ಸಾವಕಾಶವಾಗಿ ಮಾಡಿ.

ಮೊದಲು ಪುಟದ ಪೂರ್ತಿ ವಿಳಾಸವನ್ನು ನಕಲು ಮಾಡಿ ಒಂದು ಕಡತದಲ್ಲಿ ಬರೆದಿಡಿ. ಖಾತೆಯ ಮೇಲ್ಗಡೆ ಕಾಣುವ ಹೆಸರು ಸಾಲದು, ಅದನ್ನು ಯಾವಾಗ ಬೇಕಾದರೂ ಬದಲಿಸಬಹುದು. ಖಾತೆಯ ಕೊಂಡಿ ಮತ್ತು ಆ ನಿರ್ದಿಷ್ಟ ಪೋಸ್ಟಿನ ಕೊಂಡಿ ಎರಡೂ ಬೇಕು. ನಂತರ ಸ್ಕ್ರೀನ್‌ಶಾಟ್: ವಿಳಾಸಪಟ್ಟಿ, ದಿನಾಂಕ, ಗಂಟೆ ಎಲ್ಲ ಕಾಣುವಂತೆ, ಅಂಚು ಕತ್ತರಿಸದೆ. ಸಾಧ್ಯವಾದರೆ ಸ್ಕ್ರೀನ್ ರೆಕಾರ್ಡಿಂಗ್ ಕೂಡ ಮಾಡಿ. ಬ್ರೌಸರ್‌ನಲ್ಲಿ ವಿಳಾಸ ಟೈಪ್ ಮಾಡುವಲ್ಲಿಂದ ಶುರುವಾಗಿ ಪುಟ ತೆರೆದು ಕೆಳಗಿನವರೆಗೆ ಸರಿಯುವ ರೆಕಾರ್ಡಿಂಗನ್ನು "ತಿದ್ದಿದ ಚಿತ್ರ" ಎಂದು ತಳ್ಳಿಹಾಕುವುದು ಕಷ್ಟ. ವೇಬ್ಯಾಕ್ ಮಷೀನ್‌ನಂಥ ಮೂರನೆಯವರ ಸಂಗ್ರಹದಲ್ಲಿ ಪುಟವನ್ನು ಉಳಿಸಿದರೆ ನಿಮ್ಮ ಕೈ ಸೋಕದ ಒಂದು ಪ್ರತಿ ಸಿಕ್ಕಂತಾಯಿತು. ಖಾಸಗಿ ಅಥವಾ ಅಶ್ಲೀಲ ದೃಶ್ಯಗಳಿದ್ದರೆ ಮಾತ್ರ ಈ ಕೊನೆಯ ಕೆಲಸ ಬೇಡ, ಅದೂ ಒಂದು ಬಗೆಯ ಪ್ರಸಾರವೇ.

ಈ ಕಡತಗಳನ್ನು ವಾಟ್ಸ್‌ಆ್ಯಪ್‌ನಲ್ಲಿ ವಕೀಲರಿಗೆ ಚಿತ್ರವಾಗಿ ಕಳಿಸಬೇಡಿ. ವಾಟ್ಸ್‌ಆ್ಯಪ್ ಚಿತ್ರವನ್ನು ಕುಗ್ಗಿಸುತ್ತದೆ, ಕಡತವೇ ಬದಲಾಗುತ್ತದೆ. ಅದರಿಂದ ಏನು ನಷ್ಟ ಎಂದು ತಿಳಿಯಲು ಹ್ಯಾಶ್ ಎಂದರೇನೆಂದು ಗೊತ್ತಿರಬೇಕು. ಒಂದು ಕಡತವನ್ನು ಎಸ್‌ಎಚ್‌ಎ-256 ಎಂಬ ಲೆಕ್ಕಾಚಾರಕ್ಕೆ ಒಡ್ಡಿದರೆ 64 ಅಕ್ಷರ-ಅಂಕಿಗಳ ಒಂದು ಸಾಲು ಬರುತ್ತದೆ. ಅದೇ ಕಡತವನ್ನು ನಾಳೆ, ಬೇರೆ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದರೂ ಅದೇ ಸಾಲು. ಚಿತ್ರದಲ್ಲಿ ಒಂದೇ ಒಂದು ಚುಕ್ಕೆಯ ಬಣ್ಣ ಬದಲಾದರೂ ಸಾಲು ಗುರುತು ಸಿಗದಷ್ಟು ಬದಲಾಗುತ್ತದೆ. ಕಡತದ ಬೆರಳಚ್ಚು ಎಂದುಕೊಳ್ಳಿ. ವಿಂಡೋಸ್‌ನಲ್ಲಿ ಸರ್ಟ್‌ಯುಟಿಲ್ ಎಂಬ ಆದೇಶ ಇದನ್ನು ಉಚಿತವಾಗಿ ಮಾಡುತ್ತದೆ.

ಇದು ತಂತ್ರಜ್ಞರ ಗೀಳು ಎಂದುಕೊಳ್ಳಬೇಡಿ. 2024ರ ಜುಲೈ 1ರಂದು ಹಳೆಯ ಸಾಕ್ಷ್ಯ ಕಾಯ್ದೆಯ ಜಾಗಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮ ಬಂತು. ಹಳೆಯ 65ಬಿ ಸೆಕ್ಷನ್ನಿನ ಸ್ಥಾನದಲ್ಲಿ ಈಗ ಸೆಕ್ಷನ್ 63 ಇದೆ. ವಿದ್ಯುನ್ಮಾನ ದಾಖಲೆಯ ಜೊತೆ ಸಲ್ಲಿಸಬೇಕಾದ ಪ್ರಮಾಣಪತ್ರದ ನಮೂನೆಯನ್ನು ಅಧಿನಿಯಮದ ಅನುಸೂಚಿಯಲ್ಲೇ ಕೊಟ್ಟಿದ್ದಾರೆ. ಭಾಗ ಎ ತುಂಬಬೇಕಾದವರು ದಾಖಲೆ ಒದಗಿಸುವ ನೀವು, ಭಾಗ ಬಿ ತುಂಬುವವರು ತಜ್ಞರು. ಯಾವ ಸಾಧನ, ಅದರ ಗುರುತಿನ ಸಂಖ್ಯೆ, ಹ್ಯಾಶ್ ಎಷ್ಟು, ಯಾವ ಲೆಕ್ಕಾಚಾರದಿಂದ ಬಂತು ಎಂದು ನಮೂನೆಯೇ ಕೇಳುತ್ತದೆ. ಪ್ರಮಾಣಪತ್ರವಿಲ್ಲದೆ ನಕಲು ಪ್ರತಿಯನ್ನು ಸಾಕ್ಷ್ಯವಾಗಿ ಒಪ್ಪಲಾಗದು ಎಂದು ಅರ್ಜುನ್ ಪಂಡಿತ್‌ರಾವ್ ಖೋತ್ಕರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರಲ್ಲಿ ಖಡಾಖಂಡಿತವಾಗಿ ಹೇಳಿದೆ. ಆದ್ದರಿಂದ ಸ್ಕ್ರೀನ್‌ಶಾಟ್ ತೆಗೆದ ಫೋನನ್ನು ಪ್ರಕರಣ ಮುಗಿಯುವವರೆಗೆ ಮಾರಬೇಡಿ, ಫಾರ್ಮ್ಯಾಟ್ ಮಾಡಬೇಡಿ.

ಕದ್ದ ಪ್ರತಿಯಷ್ಟೇ ಮುಖ್ಯವಾದುದು ನಿಮ್ಮ ಮೂಲ. ಕ್ಯಾಮೆರಾದ ರಾ ಕಡತ, ಪದರಗಳಿರುವ ವಿನ್ಯಾಸ ಕಡತ, ಕೋಡ್‌ನ ಗಿಟ್ ಇತಿಹಾಸ (ಯಾವಾಗ ಏನು ಬದಲಾಯಿತೆಂಬ ದಾಖಲೆ), ಸಂಪಾದಕರಿಗೆ ಕರಡು ಕಳಿಸಿದ ಮಿಂಚಂಚೆ ಹೀಗೆ ಮುಗಿದ ಕೃತಿಯಲ್ಲಿ ಕಾಣದ, ಮಾಡಿದವರ ಬಳಿ ಮಾತ್ರ ಇರಬಹುದಾದ ವಸ್ತುಗಳಿಗೆ ತೂಕ ಹೆಚ್ಚು.

ಹೆಜ್ಜೆ 4: ಎದುರಿನವರ ಪಕ್ಷವನ್ನು ನೀವೇ ವಹಿಸಿ ನೋಡಿ

ದೂರು ಬರೆಯುವ ಮುನ್ನ ಹಕ್ಕುಸ್ವಾಮ್ಯ ಕಾಯ್ದೆಯ ಸೆಕ್ಷನ್ 52 ಓದಿ. ವೈಯಕ್ತಿಕ ಬಳಕೆ ಮತ್ತು ಸಂಶೋಧನೆ, ವಿಮರ್ಶೆ, ಪ್ರಚಲಿತ ಸುದ್ದಿಯ ವರದಿ ಇವುಗಳಿಗಾಗಿ ನ್ಯಾಯೋಚಿತವಾಗಿ ಬಳಸಿಕೊಂಡರೆ ಅದು ಉಲ್ಲಂಘನೆಯಲ್ಲ. ನಿಮ್ಮ ಪುಸ್ತಕವನ್ನು ಚೆನ್ನಾಗಿಲ್ಲ ಎಂದ ವಿಮರ್ಶಕ ಎರಡು ಪ್ಯಾರಾ ಉದ್ಧರಿಸಿದ್ದರೆ ಅದು ಕಳ್ಳತನವಲ್ಲ. "30 ಸೆಕೆಂಡಿನವರೆಗೆ ಬಳಸಬಹುದು", "ಶೇ 10ರಷ್ಟು ಪರವಾಗಿಲ್ಲ" ಎಂಬ ಲೆಕ್ಕಗಳು ಮಾತ್ರ ಕಾಯ್ದೆಯ ಯಾವ ಮೂಲೆಯಲ್ಲೂ ಇಲ್ಲ.

ಹೆಜ್ಜೆ 5: ವೇದಿಕೆಗೆ ದೂರು

ಎರಡು ಬಾಗಿಲುಗಳಿವೆ. ಒಂದು, ದೊಡ್ಡ ವೇದಿಕೆಗಳು ಅಮೆರಿಕದ 1998ರ ಡಿಎಂಸಿಎ (ಡಿಜಿಟಲ್ ಹಕ್ಕುಸ್ವಾಮ್ಯ) ಕಾಯ್ದೆಗಾಗಿ ಇಟ್ಟಿರುವ ಅರ್ಜಿ. ಅದನ್ನು ಭಾರತದಿಂದಲೂ ತುಂಬಬಹುದು. ಇನ್ನೊಂದು, ನಮ್ಮ ಹಕ್ಕುಸ್ವಾಮ್ಯ ನಿಯಮಗಳ (2013) ನಿಯಮ 75. ಅದರ ಪ್ರಕಾರ ಲಿಖಿತ ದೂರು ತಲುಪಿದ 36 ಗಂಟೆಯೊಳಗೆ ಮಧ್ಯವರ್ತಿ ಸಂಸ್ಥೆ, ಅಂದರೆ ವೇದಿಕೆ, ಆ ಪ್ರತಿಗೆ ಪ್ರವೇಶ ನಿಲ್ಲಿಸಬೇಕು. ಆದರೆ ಈ ತಡೆಗೆ 21 ದಿನದ ಆಯುಷ್ಯ. ಅಷ್ಟರೊಳಗೆ ನೀವು ನ್ಯಾಯಾಲಯದ ಆದೇಶ ತರದಿದ್ದರೆ ಪ್ರವೇಶವನ್ನು ಮತ್ತೆ ತೆರೆಯಬಹುದು.

ಯಾವ ಬಾಗಿಲಾದರೂ ಸರಿ, ದೂರು ನಿರ್ದಿಷ್ಟವಾಗಿರಬೇಕು. ಮೈಸ್ಪೇಸ್ ಪ್ರಕರಣದಲ್ಲಿ (2016) ದೆಹಲಿ ಹೈಕೋರ್ಟ್ ಹೇಳಿದ್ದು ಇದನ್ನೇ: ಸಾಮಾನ್ಯ ಅರಿವು ಇತ್ತು ಎಂದರೆ ಸಾಲದು, ಯಾವ ಕೃತಿ, ಎಲ್ಲಿದೆ ಎಂಬ ನಿರ್ದಿಷ್ಟ ತಿಳಿವಳಿಕೆ ವೇದಿಕೆಗೆ ಇರಬೇಕು. ಹಾಗಾಗಿ "ಇವರು ನನ್ನ ಎಲ್ಲ ವಿಡಿಯೊ ಕದಿಯುತ್ತಾರೆ" ಎಂಬ ಪತ್ರಕ್ಕಿಂತ ಕೆಳಗಿನಂಥದು ಲೇಸು:

"ಈ ಕೆಳಗಿನ ಮೂರು ಕೊಂಡಿಗಳಲ್ಲಿರುವ ವಿಡಿಯೊಗಳು ನಾನು ಚಿತ್ರೀಕರಿಸಿ, ನನ್ನ ಚಾನೆಲ್‌ನಲ್ಲಿ ಅವುಗಳ ಎದುರು ನಮೂದಿಸಿದ ದಿನಾಂಕಗಳಂದು ಪ್ರಕಟಿಸಿದ ವಿಡಿಯೊಗಳ ನಕಲುಗಳು. ಮೂಲದ ಕೊಂಡಿಗಳೂ ಜೊತೆಗಿವೆ. ಹಕ್ಕುಸ್ವಾಮ್ಯ ನನ್ನದು. ಬಳಸಲು ಯಾರಿಗೂ ಅನುಮತಿ ಕೊಟ್ಟಿಲ್ಲ. ಈ ಬಳಕೆ ಸೆಕ್ಷನ್ 52ರ ವಿನಾಯಿತಿಗೆ ಒಳಪಡುವುದಿಲ್ಲ, ಏಕೆಂದರೆ ವಿಡಿಯೊಗಳನ್ನು ಯಾವ ವಿಮರ್ಶೆಯೂ ಇಲ್ಲದೆ ಪೂರ್ತಿಯಾಗಿ ಮರುಪ್ರಸಾರ ಮಾಡಲಾಗಿದೆ."

ಬೈಗುಳವಿಲ್ಲ, ಕಣ್ಣೀರಿಲ್ಲ. ಓದುವ ನೌಕರನಿಗೆ ಒಪ್ಪಿಕೊಳ್ಳಲು ಬೇಕಾದುದೆಲ್ಲ ಇದೆ.

ವೇದಿಕೆ ಜಗ್ಗದಿದ್ದರೆ 2021ರ ಮಾಹಿತಿ ತಂತ್ರಜ್ಞಾನ ನಿಯಮಗಳಡಿ ಅದರ ಕುಂದುಕೊರತೆ ಅಧಿಕಾರಿಗೆ ಬರೆಯಿರಿ. ಅಲ್ಲಿಯೂ ಆಗದಿದ್ದರೆ ಕೇಂದ್ರ ಸರ್ಕಾರ ರಚಿಸಿರುವ ಕುಂದುಕೊರತೆ ಮೇಲ್ಮನವಿ ಸಮಿತಿಗೆ 30 ದಿನದೊಳಗೆ ಆನ್‌ಲೈನಿನಲ್ಲಿ ಮೇಲ್ಮನವಿ ಸಲ್ಲಿಸಬಹುದು. ಈ ನಿಯಮಗಳ ಗಡುವುಗಳು ತಿದ್ದುಪಡಿಯಲ್ಲಿ ಬದಲಾಗುತ್ತಿರುತ್ತವೆ. ದೂರು ಬರೆಯುವ ದಿನ ಸಚಿವಾಲಯದ ತಾಣದಲ್ಲಿರುವ ಪಠ್ಯವನ್ನೇ ನೋಡಿ.

ಹೆಜ್ಜೆ 6: ಪೆಟ್ಟು ಬಿದ್ದಿರುವುದು ಖಾಸಗಿ ಬದುಕಿಗಾದರೆ

ನಗ್ನ ಅಥವಾ ಆಪ್ತ ದೃಶ್ಯ, ಮುಖ ತಿದ್ದಿ ಅಂಟಿಸಿದ ಚಿತ್ರ, ನಿಮ್ಮ ಹೆಸರಿನ ನಕಲಿ ಖಾತೆ ಇವಕ್ಕೆ ಮೇಲಿನ ಸರದಿಯನ್ನು ಕಾಯಬೇಡಿ. ಕೊಂಡಿ ಮತ್ತು ಸ್ಕ್ರೀನ್‌ಶಾಟ್ ಉಳಿಸಿಕೊಂಡ ಕೂಡಲೇ ದೂರು. 2021ರ ನಿಯಮಗಳು ಹೊರಬಂದಾಗಲೇ ಇಂಥ ವಸ್ತುವನ್ನು ತೆಗೆಯಲು ವೇದಿಕೆಗೆ 24 ಗಂಟೆಗಿಂತ ಹೆಚ್ಚು ಕೊಟ್ಟಿರಲಿಲ್ಲ. ದೂರನ್ನು ಬಾಧಿತರೇ ಕೊಡಬೇಕೆಂದಿಲ್ಲ, ಅವರ ಪರವಾಗಿ ಯಾರಾದರೂ ಕೊಡಬಹುದು. ನಾಚಿಕೆಯಿಂದ ಬಾಯಿ ಕಟ್ಟಿದವರಿಗೆ ಇದು ದೊಡ್ಡ ಆಸರೆ.

ಸ್ಟಾಪ್ ಎನ್‌ಸಿಐಐ ಎಂಬ ಉಚಿತ ಸೇವೆಯನ್ನೂ ಬಳಸಿ. ಅದು ನಿಮ್ಮ ಸಾಧನದಲ್ಲೇ ಚಿತ್ರದ ಹ್ಯಾಶ್ ಮಾಡಿ ಅದನ್ನಷ್ಟೇ ಪಾಲುದಾರ ವೇದಿಕೆಗಳಿಗೆ ಕಳಿಸುತ್ತದೆ. ಚಿತ್ರ ನಿಮ್ಮ ಫೋನ್ ಬಿಟ್ಟು ಹೋಗುವುದಿಲ್ಲ. 18 ವರ್ಷ ತುಂಬುವ ಮೊದಲಿನ ಚಿತ್ರವಾದರೆ ಟೇಕ್ ಇಟ್ ಡೌನ್ ಎಂಬ ಪ್ರತ್ಯೇಕ ಸೇವೆ ಇದೆ.

ಪೊಲೀಸ್ ದೂರಿಗೆ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್ ಇದೆ, ಕರ್ನಾಟಕದಲ್ಲಿ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಠಾಣೆಗಳಿವೆ. ಹಣವೂ ಹೋಗಿದ್ದರೆ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಉಳಿದದ್ದು ಆಮೇಲೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಗುರುತಿನ ಕಳವಿಗೆ, 66ಡಿ ಕಂಪ್ಯೂಟರ್ ಬಳಸಿ ಸೋಗು ಹಾಕಿ ವಂಚಿಸುವುದಕ್ಕೆ, 66ಇ ಖಾಸಗಿ ಅಂಗದ ಚಿತ್ರ ಪ್ರಸಾರಕ್ಕೆ ಅನ್ವಯಿಸುತ್ತದೆ. ಮೂರಕ್ಕೂ 3 ವರ್ಷದವರೆಗೆ ಸೆರೆವಾಸ ಇದೆ. ಇ-ಮೇಲ್ ಮೂಲಕ ಕೊಟ್ಟ ದೂರು ಎಫ್‌ಐಆರ್ ಆಗಬೇಕಾದರೆ ಮೂರು ದಿನದೊಳಗೆ ಠಾಣೆಗೆ ಹೋಗಿ ಸಹಿ ಹಾಕಬೇಕು. ಅನೇಕ ದೂರುದಾರರು ಮರೆಯುವುದು ಈ ಸಹಿಯನ್ನೇ.

ಕಂಪನಿಯೊಂದು ನಿಮ್ಮ ಮಾಹಿತಿ ಸೋರಲು ಬಿಟ್ಟರೆ ದಾರಿ ಬೇರೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಕಂಪನಿಗಳ ಮುಖ್ಯ ಕರ್ತವ್ಯಗಳು ಜಾರಿಗೆ ಬರಲು ಅಲ್ಲಿಂದ 18 ತಿಂಗಳ ಕಾಲಾವಕಾಶ ಕೊಡಲಾಗಿದೆ. ದಂಡ 250 ಕೋಟಿ ರೂಪಾಯಿವರೆಗೆ ಹೋಗಬಹುದು. ಪತ್ರಿಕೆಗಳು ಈ ಅಂಕಿಯನ್ನು ದಪ್ಪಕ್ಷರದಲ್ಲಿ ಮುದ್ರಿಸಿದವು, ಆದರೆ ಆ ಹಣ ಹೋಗುವುದು ಸರ್ಕಾರದ ಸಂಚಿತ ನಿಧಿಗೆ. ನಿಮಗೆ ಪರಿಹಾರ ಕೊಡಿಸುವ ಏರ್ಪಾಡು ಆ ಕಾಯ್ದೆಯಲ್ಲಿಲ್ಲ. ಜೊತೆಗೆ, ಸುಳ್ಳು ಅಥವಾ ಹುರುಳಿಲ್ಲದ ದೂರು ಕೊಟ್ಟರೆ ನಿಮಗೇ 10,000 ರೂಪಾಯಿವರೆಗೆ ದಂಡ. ಅನುಮತಿ ಇಲ್ಲದೆ ನಿಮ್ಮ ಕಂಪ್ಯೂಟರಿಗೆ ನುಗ್ಗಿ ಹಾನಿ ಮಾಡಿದವರಿಂದ ಪರಿಹಾರ ಬೇಕಿದ್ದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಸೆಕ್ಷನ್ 43 ಮತ್ತು 46ರಡಿ ರಾಜ್ಯದ ನ್ಯಾಯನಿರ್ಣಯ ಅಧಿಕಾರಿಯ ಮುಂದೆ 5 ಕೋಟಿ ರೂಪಾಯಿವರೆಗೆ ಕೇಳಬಹುದು. ಹೆಚ್ಚಿನವರಿಗೆ ಗೊತ್ತಿಲ್ಲದ ದಾರಿ ಇದು.

ಹೆಜ್ಜೆ 7: ನೋಟಿಸ್, ಆಮೇಲೆ ನ್ಯಾಯಾಲಯ

ಲೀಗಲ್ ನೋಟಿಸ್‌ನಲ್ಲಿ ಏನು ಬೇಕು ಎಂಬುದನ್ನು ಎಣಿಸಿ ಬರೆಯಿಸಿ: ತೆಗೆಯಬೇಕೇ, ಹೆಸರು ಹಾಕಬೇಕೇ, ಹಣ ಕೊಡಬೇಕೇ, ಎಷ್ಟು ದಿನದೊಳಗೆ? ಉತ್ಪ್ರೇಕ್ಷೆ ಬೇಡ. ಆಧಾರವಿಲ್ಲದ ಬೆದರಿಕೆ ಹಾಕಿದವರ ವಿರುದ್ಧವೇ ಹಕ್ಕುಸ್ವಾಮ್ಯ ಕಾಯ್ದೆಯ ಸೆಕ್ಷನ್ 60ರಡಿ ದಾವೆ ಹೂಡಬಹುದು.

ಹಕ್ಕುಸ್ವಾಮ್ಯದ ದಾವೆಯನ್ನು ಸೆಕ್ಷನ್ 62ರ ಪ್ರಕಾರ ನೀವು ವಾಸಿಸುವ ಅಥವಾ ವ್ಯವಹಾರ ನಡೆಸುವ ಊರಿನ ಜಿಲ್ಲಾ ನ್ಯಾಯಾಲಯದಲ್ಲೇ ಹೂಡಬಹುದು, ಪ್ರತಿವಾದಿ ಎಲ್ಲೇ ಇರಲಿ. ಸಾಮಾನ್ಯ ಸಿವಿಲ್ ದಾವೆಯಲ್ಲಿ ಈ ಅನುಕೂಲ ಇಲ್ಲ. ಮೌಲ್ಯ 3 ಲಕ್ಷ ರೂಪಾಯಿ ಅಥವಾ ಹೆಚ್ಚಿದ್ದರೆ ಅದು ವಾಣಿಜ್ಯ ವ್ಯಾಜ್ಯವಾಗುತ್ತದೆ. ಆಗ ತುರ್ತು ಮಧ್ಯಂತರ ಪರಿಹಾರ ಕೇಳದಿದ್ದರೆ ಮೊದಲು ಮಧ್ಯಸ್ಥಿಕೆಗೆ ಹೋಗಲೇಬೇಕು, ಇದು ಕಡ್ಡಾಯವೆಂದು ಪಾಟೀಲ್ ಆಟೊಮೇಷನ್ ಪ್ರಕರಣದಲ್ಲಿ 2022ರಲ್ಲಿ ತೀರ್ಮಾನವಾಗಿದೆ. ತಾತ್ಕಾಲಿಕ ತಡೆಯಾಜ್ಞೆ ಬೇಕಿದ್ದರೆ ತಡ ಮಾಡಬೇಡಿ. ಆರು ತಿಂಗಳು ಸುಮ್ಮನಿದ್ದವರು ಬಂದು "ತುಂಬಲಾರದ ನಷ್ಟ" ಎಂದರೆ ನ್ಯಾಯಾಧೀಶರು ಕ್ಯಾಲೆಂಡರ್ ನೋಡುತ್ತಾರೆ. ದಾವೆಗೆ ಕಾಲಮಿತಿ 3 ವರ್ಷ.

ಕದ್ದವರು ಯಾರೆಂದೇ ಗೊತ್ತಿಲ್ಲವೇ? ಹೆಸರಿಲ್ಲದ ಪ್ರತಿವಾದಿಯ ಮೇಲೂ ಆದೇಶ ಪಡೆಯಬಹುದು. ವಿದೇಶಗಳಲ್ಲಿ ಇದಕ್ಕೆ ಜಾನ್ ಡೋ ಆದೇಶ ಎನ್ನುತ್ತಾರೆ, ನಮ್ಮ ನ್ಯಾಯಾಲಯಗಳಲ್ಲಿ ಆ ಅನಾಮಧೇಯನಿಗೆ ಅಶೋಕ್ ಕುಮಾರ್ ಎಂದು ನಾಮಕರಣವಾಗಿದೆ.

ಕ್ರಿಮಿನಲ್ ದಾರಿಯೂ ಉಂಟು. ಹಕ್ಕುಸ್ವಾಮ್ಯ ಕಾಯ್ದೆಯ ಸೆಕ್ಷನ್ 63ರಡಿ 6 ತಿಂಗಳಿಂದ 3 ವರ್ಷ ಸೆರೆವಾಸ, 50,000ದಿಂದ 2 ಲಕ್ಷ ರೂಪಾಯಿ ದಂಡ. ಇದು ಸಂಜ್ಞೇಯ (ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದಾದ), ಜಾಮೀನುರಹಿತ ಅಪರಾಧ ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ಇದನ್ನು ದೊಡ್ಡ ಪ್ರಮಾಣದ ದಂಧೆಗೆ ಮೀಸಲಿಡುವುದು ಒಳ್ಳೆಯದು. ಪೋಸ್ಟರ್‌ಗೆ ಒಂದು ಚಿತ್ರ ಎತ್ತಿಕೊಂಡ ಕಾಲೇಜು ಹುಡುಗನ ಮೇಲೆ ಇದನ್ನು ಬಳಸುವುದು ನನಗೆ ಸರಿ ಕಾಣದು.

ಕೃತಕ ಬುದ್ಧಿಮತ್ತೆಯ ಬಗ್ಗೆ ಒಂದು ಟಿಪ್ಪಣಿ

ಕಂಪ್ಯೂಟರ್‌ನಿಂದ ಹುಟ್ಟಿದ ಕೃತಿಯ ಕರ್ತೃ, ಅದು ಹುಟ್ಟುವಂತೆ ಮಾಡಿದ ವ್ಯಕ್ತಿ ಎಂದು ಹಕ್ಕುಸ್ವಾಮ್ಯ ಕಾಯ್ದೆಯ ಸೆಕ್ಷನ್ 2(ಡಿ)(6) ಹೇಳುತ್ತದೆ. ಇದು ಚಾಟ್‌ಬಾಟ್‌ಗಳು ಬರುವುದಕ್ಕೆ ಬಹಳ ಮೊದಲೇ ಬರೆದ ಮಾತು. ಚಾಟ್‌ಜಿಪಿಟಿಯಂಥ ಚಾಟ್‌ಬಾಟ್‌ಗಳ ತರಬೇತಿಗೆ ತನ್ನ ಸುದ್ದಿ ಬಳಸಿದ್ದರ ವಿರುದ್ಧ ಸುದ್ದಿ ವಿತರಿಸುವ ಎಎನ್‌ಐ ಸಂಸ್ಥೆ ಓಪನ್‌ಎಐ ಮೇಲೆ 2024ರಲ್ಲಿ ದೆಹಲಿ ಹೈಕೋರ್ಟಿನಲ್ಲಿ ಹೂಡಿದ ದಾವೆಯಂಥವು ಗೆರೆಗಳನ್ನು ಎಳೆಯಬೇಕಿವೆ. ಅಲ್ಲಿಯವರೆಗೆ, ಇಂಥ ಸಾಧನದಿಂದ ಕೆಲಸ ಮಾಡುವವರು ತಾವು ಕೊಟ್ಟ ಸೂಚನೆಗಳನ್ನೂ ಕೈಯಾರೆ ತಿದ್ದಿದ ಹಂತಗಳನ್ನೂ ಉಳಿಸಿಟ್ಟುಕೊಳ್ಳಲಿ. ಕಕ್ಷಿದಾರರ ದಾಖಲೆಯನ್ನು ಅದರೊಳಗೆ ಸುರಿಯುವ ಮುನ್ನ ಅದರ ಷರತ್ತುಗಳನ್ನು ಓದಲಿ.

ನೋಟಿಸ್ ಬಂದಿರುವುದು ನಿಮಗೇ ಆದರೆ

ಮೊದಲ ಕೆಲಸ, ಏನನ್ನೂ ಅಳಿಸದೆ ಎಲ್ಲದರ ಪ್ರತಿ ಉಳಿಸಿಕೊಳ್ಳುವುದು. ಪುಟವನ್ನು ಸಾರ್ವಜನಿಕರಿಗೆ ಕಾಣದಂತೆ ಮಾಡಬಹುದು, ನಾಶ ಮಾಡಬಾರದು. ಎದುರಿನವರು ಏಕಪಕ್ಷೀಯ ತಡೆಯಾಜ್ಞೆ ತರಬಹುದೆಂಬ ಅನುಮಾನವಿದ್ದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ ಸೆಕ್ಷನ್ 148ಎ ಅಡಿ ಕೇವಿಯಟ್ (ನಿಮ್ಮ ಮಾತು ಕೇಳದೆ ಆದೇಶ ಕೊಡಬಾರದೆಂಬ ಮುಂಚಿತ ಅರ್ಜಿ) ಹಾಕಿ. ಅದು 90 ದಿನ ಜೀವಂತವಿರುತ್ತದೆ.

ಯೂಟ್ಯೂಬ್‌ನಲ್ಲಿ ಕಂಟೆಂಟ್ ಐಡಿ ಕ್ಲೇಮ್ (ನಕಲನ್ನು ಯಂತ್ರವೇ ಗುರುತಿಸಿ ಎತ್ತುವ ಹಕ್ಕಿನ ಬೇಡಿಕೆ) ಬೇರೆ, ಹಕ್ಕುಸ್ವಾಮ್ಯದ ಸ್ಟ್ರೈಕ್ (ಉಲ್ಲಂಘನೆಗಾಗಿ ಚಾನೆಲ್ ಮೇಲೆ ಬೀಳುವ ಎಚ್ಚರಿಕೆ) ಬೇರೆ. ಕ್ಲೇಮ್ ಬಂದರೆ ಸಾಮಾನ್ಯವಾಗಿ ಆದಾಯ ಕೈತಪ್ಪುತ್ತದೆ. ನೀವು ವಿವಾದ ಎತ್ತಿದರೆ ಉತ್ತರಿಸಲು ಎದುರಿನವರಿಗೆ 30 ದಿನವಿದೆ. ಸ್ಟ್ರೈಕ್ ಹೆಚ್ಚು ಅಪಾಯ, 90 ದಿನದೊಳಗೆ ಮೂರಾದರೆ ಚಾನೆಲ್ಲೇ ಹೋಗಬಹುದು. ಅದಕ್ಕೆ ಪ್ರತಿಯಾಗಿ ಪ್ರತಿ-ನೋಟಿಸ್ ಕೊಡಬಹುದು. ಎದುರಿನವರು ಮೊಕದ್ದಮೆ ಹೂಡದಿದ್ದರೆ 10ರಿಂದ 14 ಕೆಲಸದ ದಿನಗಳಲ್ಲಿ ವಿಡಿಯೊ ಮರಳುತ್ತದೆ. ಆದರೆ ಆ ಅರ್ಜಿಯಲ್ಲಿ ನೀವು ಅಮೆರಿಕದ ನ್ಯಾಯಾಲಯದ ವ್ಯಾಪ್ತಿಗೆ ಒಪ್ಪಿ, ಸುಳ್ಳು ಹೇಳಿದರೆ ಶಿಕ್ಷೆಗೆ ಗುರಿಯಾಗುತ್ತೇನೆಂದು ಪ್ರಮಾಣ ಮಾಡುತ್ತೀರಿ, ನಿಮ್ಮ ವಿಳಾಸವೂ ದೂರುದಾರರ ಕೈ ಸೇರುತ್ತದೆ. ನಿಮ್ಮ ಪಕ್ಷ ಗಟ್ಟಿಯಿದ್ದರೆ ಮಾತ್ರ ಆ ಗುಂಡಿ ಒತ್ತಿ.

ತಪ್ಪು ನಿಮ್ಮದೇ ಆಗಿದ್ದರೆ ವಕೀಲರ ಮೂಲಕ ಸಣ್ಣ ಉತ್ತರ ಕೊಡಿ: ವಸ್ತುವನ್ನು ತೆಗೆದಿದ್ದೇವೆ, ಬಳಕೆಗೆ ಇಷ್ಟು ಪರವಾನಗಿ ಶುಲ್ಕ ಕೊಡಲು ಸಿದ್ಧ, ಹೊಣೆಯನ್ನು ಒಪ್ಪಿಕೊಂಡಂತೆ ಇದನ್ನು ಭಾವಿಸಬಾರದು. ಹಣ ಕೊಡುವ ಮುನ್ನ, ಈ ಬಳಕೆಯ ಬಗ್ಗೆ ಇನ್ನಾವ ಬೇಡಿಕೆಯೂ ಬಾಕಿ ಇಲ್ಲ ಎಂದು ಹಕ್ಕುದಾರರ ಸಹಿಯಿರುವ ಪತ್ರ ಪಡೆಯಿರಿ. ಸಹಿ ಮಾಡುವವರು ಹಕ್ಕುದಾರರೇ ಅಥವಾ ಅವರ ಹೆಸರು ಹೇಳಿಕೊಂಡು ನೋಟಿಸ್ ಕಳಿಸುವ ಮಧ್ಯವರ್ತಿಯೇ ಎಂಬುದನ್ನು ಎರಡನೆಯ ಹೆಜ್ಜೆಯಲ್ಲಿ ಹೇಳಿದ ದಾಖಲೆಗಳನ್ನು ಕೇಳಿ ಪರೀಕ್ಷಿಸಿ.